ಹೋಳಿಗೆಯ ಹೂರಣದಿಂದ ಬ್ರೌನಿ



ಬೇಕರಿಯ ಗಾಜಿನ ಕಪಾಟಿನಲ್ಲಿ ಕಂದು ಬಣ್ಣದ, ಚೌಕಾಕಾರದ ಒಂದು ತಿನಿಸನ್ನು ನೀವು ನೋಡಿರಬಹುದು. ಅದೇ ಬ್ರೌನಿ. 1893ರಲ್ಲಿ ಶಿಕಾಗೋ ನಗರದಲ್ಲಿ ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸಂಗತಿ ನಿಮಗೆ ಗೊತ್ತು. ಅದೇ ವರ್ಷ, ಅದೇ ನಗರದ ವಿಶ್ವ ಪ್ರದರ್ಶನದ ಸಂದರ್ಭದಲ್ಲಿ ಪಾಮರ್ ಹೌಸ್ ಎಂಬ ಹೋಟೆಲಿನಲ್ಲಿ ಈ ತಿನಿಸು ಹುಟ್ಟಿತೆಂದು ಹೇಳುವುದುಂಟು. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ಮತ್ತು ಚಾಕೊಲೇಟು ಇದರ ಮೂಲ ಸಾಮಗ್ರಿಗಳು.

ಇದನ್ನು ಮೋಟೆಬೆನ್ನೂರಿನ ಒಂದು ಮನೆಯಲ್ಲಿ, ಮನೆಯಲ್ಲಿರುವ ಪದಾರ್ಥಗಳಿಂದಲೇ, ಇನ್ನಷ್ಟು ಪುಷ್ಟಿಕರವಾಗಿ ಮಾಡಬಹುದೇ? ಮಾಡಬಹುದು. ಅದಕ್ಕೆ ಕಾರಣವನ್ನೂ ತಿಳಿಯೋಣ.

ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಅಂಶವಿದೆ. ಬ್ರೆಡ್ಡು ಉಬ್ಬಿ ನಿಲ್ಲಲು ಅದು ಬೇಕೇ ಬೇಕು. ಜೋಳದಲ್ಲಿ ಅದಿಲ್ಲ. ಆದ್ದರಿಂದಲೇ ಜೋಳದ ರೊಟ್ಟಿಯ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಕೈಯಿಂದ ಬಡಿಯುತ್ತಾರೆ. ಆದರೆ ಬ್ರೌನಿ ಉಬ್ಬಬೇಕಾದ ತಿನಿಸಲ್ಲ. ಅದು ಮೆತ್ತಗೆ, ಒತ್ತಾಗಿಯೇ ಇರಬೇಕು. ಹೀಗಾಗಿ ಮೈದಾ ಬಿಟ್ಟು ಜೋಳದ ಹಿಟ್ಟು ಹಾಕಿದರೂ ಅದು ಕೆಡುವುದಿಲ್ಲ.

ವಿದೇಶಗಳಲ್ಲಿ ಕೆಲವರು ಬೇಯಿಸಿದ ಕಾಳನ್ನು ಅರೆದು ಬ್ರೌನಿಗೆ ಸೇರಿಸುತ್ತಾರೆ. ಸಿಹಿ ತಿಂಡಿಗೆ ಕಾಳೇ ಎಂದು ಅಲ್ಲಿಯವರು ಹುಬ್ಬೇರಿಸಬಹುದು. ನಮಗೆ ಇದರಲ್ಲಿ ಹೊಸದೇನಿದೆ? ಬೇಯಿಸಿದ ಕಡಲೆಬೇಳೆಗೆ ಬೆಲ್ಲ ಸೇರಿಸಿ ರುಬ್ಬಿದರೆ ಅದೇ ಹೋಳಿಗೆಯ ಹೂರಣ. ಹಬ್ಬದ ಮರುದಿನ ಉಳಿದ ಹೂರಣವೇ ನಮ್ಮ ಬ್ರೌನಿಗೆ ತಳಹದಿ.

ಮಾಡುವ ಕ್ರಮ ಹೀಗಿದೆ. ಅರ್ಧ ಬಟ್ಟಲು ಜೋಳದ ಹಿಟ್ಟನ್ನು ಅರ್ಧ ಬಟ್ಟಲು ಮೊಸರಿನಲ್ಲಿ ಕಲಸಿ ಅರ್ಧ ಗಂಟೆ ಬಿಡಿ. ಹಿಟ್ಟು ನೆನೆದರೆ ತರಿತರಿ ಎನಿಸದು. ಅದಕ್ಕೆ ಒಂದು ಬಟ್ಟಲು ಹೂರಣ, ಕಾಲು ಬಟ್ಟಲು ಬೆಲ್ಲದ ಪುಡಿ, ಕಾಲು ಬಟ್ಟಲು ಶೇಂಗಾ ಎಣ್ಣೆ, ನಾಲ್ಕು ಚಮಚ ಕೋಕೋ ಪುಡಿ, ಚಿಟಿಕೆ ಉಪ್ಪು ಹಾಕಿ ಗಂಟಿಲ್ಲದಂತೆ ಕಲಸಿ. ಗಟ್ಟಿಯಾದರೆ ಸ್ವಲ್ಪ ಹಾಲು ಬೆರೆಸಿ. ಹುರಿದು ಕುಟ್ಟಿದ ಒಂದು ಹಿಡಿ ಶೇಂಗಾ ಸೇರಿಸಿ. ಕೊನೆಗೆ ಕಾಲು ಚಮಚ ಅಡಿಗೆ ಸೋಡಾ ಹಾಕಿ. ಮೊಸರಿನ ಹುಳಿಯೊಡನೆ ಸೋಡಾ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಹೊರಬಂದು ಹಿಟ್ಟು ಹಗುರಾಗುತ್ತದೆ. ನಿಮ್ಮ ರಸಾಯನಶಾಸ್ತ್ರದ ಪಾಠವೇ ಇದು.

ಓವನ್ ಇಲ್ಲವೆಂದು ಚಿಂತಿಸಬೇಡಿ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳು ಉಪ್ಪು ಅಥವಾ ಮರಳು ಹರಡಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಎಣ್ಣೆ ಸವರಿದ ಡಬ್ಬಿಗೆ ಹಿಟ್ಟು ಸುರಿದು ಅದರೊಳಗಿಟ್ಟು, ಸಣ್ಣ ಉರಿಯಲ್ಲಿ ಸುಮಾರು ನಲವತ್ತು ನಿಮಿಷ ಬೇಯಿಸಿ. ಕಡ್ಡಿ ಚುಚ್ಚಿದಾಗ ಹಸಿ ಹಿಟ್ಟು ಅಂಟಬಾರದು. ಬಿಸಿ ಪಾತ್ರೆಯ ಹತ್ತಿರ ಹಿರಿಯರೊಬ್ಬರು ಇರಲಿ. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ. ಗ್ಲುಟೆನ್ ಇಲ್ಲದ ಹಿಟ್ಟನ್ನು ಹಿಡಿದಿಡುವುದು ಪಿಷ್ಟ. ಅದು ಗಟ್ಟಿಯಾಗುವುದು ಆರಿದಾಗ. ಅವಸರಪಟ್ಟರೆ ಪುಡಿಯಾಗುತ್ತದೆ.

ಕೋಕೋ ಕೂಡ ಪೂರಾ ಪರದೇಶದ್ದಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅದನ್ನು ಬೆಳೆಯುತ್ತಾರೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಮೆಕ್ಸಿಕೋದ ಪ್ರಾಚೀನರು ಕೋಕೋ ಪಾನಕಕ್ಕೆ ಮೆಣಸಿನಕಾಯಿ ಬೆರೆಸುತ್ತಿದ್ದರು. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಒಂದು ಚಿಟಿಕೆ ಪುಡಿ ಹಾಕಿ ರುಚಿ ನೋಡಿ.

ಇದರಿಂದ ಲಾಭವೇನು? ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳಿನಲ್ಲಿ ಅದು ಹೇರಳ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯ ಜೊತೆ ಕಾಳಿನ ಪಲ್ಯ ತಿನ್ನುವುದರಲ್ಲಿಯೂ ಇದೇ ಗುಣವಿದೆ. ಮೈದಾದಲ್ಲಿ ಇಲ್ಲವಾಗುವ ನಾರು ಇಲ್ಲಿ ಉಳಿಯುತ್ತದೆ.

ಆದರೆ ಒಂದು ಎಚ್ಚರಿಕೆ. ಬೆಲ್ಲವೆಂದರೆ ಎಷ್ಟು ತಿಂದರೂ ಸರಿ ಎಂಬ ನಂಬಿಕೆ ತಪ್ಪು. ಶಕ್ತಿಯ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚು ಅಂತರವಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಇದನ್ನು ಔಷಧವೆಂದು ಕೊಡಬೇಡಿ. ಎರಡು ಬೆರಳಗಲದ ಒಂದು ತುಂಡು ಸಾಕು.

ವಿಶ್ವಸಂಸ್ಥೆಯು ಭಾರತದ ಸಲಹೆಯಂತೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳ, ನವಣೆ, ಸಜ್ಜೆ ಎಲ್ಲವೂ ಅದರೊಳಗೆ ಬಂದವು. ಆದರೂ ಡಬ್ಬಿಯಲ್ಲಿ ರೊಟ್ಟಿ ಒಯ್ಯಲು ನಾಚುವ ಗೆಳೆಯರು ನಿಮ್ಮ ತರಗತಿಯಲ್ಲಿ ಇರಬಹುದು. ಮುಂದಿನ ಹಬ್ಬದ ಮರುದಿನ ಈ ಬ್ರೌನಿ ಮಾಡಿ, ಮೊದಲು ಅವರಿಗೆ ಒಂದು ತುಂಡು ಕೊಡಿ. ತಿಂದಾದ ಮೇಲೆ, ಇದು ಯಾವ ಹಿಟ್ಟಿನದೆಂದು ಕೇಳಿ ನೋಡಿ.