ಊರೇ ಹೋಟೆಲಾದ ಕಥೆ

ಆಡ್ರಿಯಾಟಿಕ್ ಕಡಲಂಚಿನಲ್ಲಿ, ಮಾಂಟೆನೆಗ್ರೊ ದೇಶದ ಬುದ್ವಾ ಪಟ್ಟಣದ ಹತ್ತಿರ, ನೀರಿನಿಂದೆದ್ದ ಒಂದು ಪುಟ್ಟ ಬಂಡೆಗುಡ್ಡೆ. ಅದರ ಮೈತುಂಬ ಕೆಂಪು ಹೆಂಚಿನ ಕಲ್ಲುಮನೆಗಳು. ದಡದಿಂದ ಅಲ್ಲಿಗೆ ಒಂದೇ ಕಿರುದಾರಿ. ಹೆಸರು ಸ್ವೆಟಿ ಸ್ಟೆಫಾನ್.

15ನೇ ಶತಮಾನದಲ್ಲಿ ಪಾಶ್ತ್ರೋವಿಚ್ ಕುಲದವರು ಕಟ್ಟಿಕೊಂಡ ಕೋಟೆಯೂರು ಇದು. ತುರ್ಕರ ಹಡಗುಗಳಿಂದ ದೋಚಿದ ಹಣದಲ್ಲೇ ಊರು ಎದ್ದಿತೆಂಬುದು ಅಲ್ಲಿನ ಐತಿಹ್ಯ. 20ನೇ ಶತಮಾನದ ಹೊತ್ತಿಗೆ ಮೀನುಗಾರರ ಮಕ್ಕಳು ದುಡಿಮೆ ಅರಸಿ ಹೊರಟರು. ಮನೆಗಳು ಒಂದೊಂದಾಗಿ ಬರಿದಾದವು.

1950ರ ದಶಕದಲ್ಲಿ ಯುಗೊಸ್ಲಾವಿಯ ಸರ್ಕಾರ ಉಳಿದವರನ್ನೂ ದಡಕ್ಕೆ ಸಾಗಿಸಿ, ಇಡೀ ಊರನ್ನೇ ಹೋಟೆಲಾಗಿಸಿತು. ಹೊರಗೆ ಅದೇ ಹಳೆಯ ಕಲ್ಲುಗೋಡೆ. ಒಳಗೆ ಐಷಾರಾಮಿ ಕೋಣೆ. ಚಿತ್ರತಾರೆಯರಾದ ಎಲಿಜಬೆತ್ ಟೇಲರ್, ಸೋಫಿಯಾ ಲೊರೇನ್ ಅತಿಥಿಗಳಾಗಿ ಬಂದರು.

1992ರ ಸೆಪ್ಟೆಂಬರಿನಲ್ಲಂತೂ ಜಗತ್ತಿನ ಕಣ್ಣೆಲ್ಲ ಇತ್ತಲೇ. 20 ವರ್ಷ ಸ್ಪರ್ಧೆಯಿಂದ ದೂರವಿದ್ದ ಅಮೆರಿಕದ ಆಟಗಾರ ಬಾಬಿ ಫಿಷರ್, ಹಳೆಯ ಎದುರಾಳಿ ಬೋರಿಸ್ ಸ್ಪಾಸ್ಕಿಯೊಂದಿಗೆ ಇಲ್ಲಿ ಚದುರಂಗಕ್ಕೆ ಕೂತರು. ಬಹುಮಾನದ ಮೊತ್ತ 50 ಲಕ್ಷ ಡಾಲರ್. ಯುಗೊಸ್ಲಾವಿಯದ ಮೇಲೆ ವಿಶ್ವಸಂಸ್ಥೆ ಹೇರಿದ್ದ ನಿರ್ಬಂಧ ಮೀರಿ ಆಡಿದ್ದಕ್ಕೆ ಅಮೆರಿಕ ಫಿಷರ್ ಮೇಲೆ ಬಂಧನದ ವಾರಂಟ್ ಹೊರಡಿಸಿತು.

ಆಮೇಲೆ ಊರು ಖಾಸಗಿ ಗುತ್ತಿಗೆಗೆ ಹೋಯಿತು. ದ್ವೀಪದ ಬಾಗಿಲು ಅತಿಥಿಗಳಿಗೆ ಮಾತ್ರ ತೆರೆಯುತ್ತಿತ್ತು. ಕಡಲತೀರ ಎಲ್ಲರದು, ನಮ್ಮನ್ನೇಕೆ ತಡೆಯುತ್ತೀರಿ ಎಂದು ಸ್ಥಳೀಯರು ಪಟ್ಟುಹಿಡಿದರು. ಆ ಜಗಳದ ನಡುವೆ, 2021ರ ಬೇಸಿಗೆಯಲ್ಲಿ ಹೋಟೆಲು ತೆರೆಯಲೇ ಇಲ್ಲ.

ಆಗಲೂ ಮೇಲಿನ ಹೆದ್ದಾರಿಯ ತಿರುವಿನಲ್ಲಿ ಪ್ರವಾಸಿಗರು ಕಾರು ನಿಲ್ಲಿಸುತ್ತಿದ್ದರು. ಕೆಳಗೆ ನೀಲಿ ನೀರು, ಕೆಂಪು ಹೆಂಚು, ಮುಚ್ಚಿದ ಕಿಟಕಿಗಳು. ಒಂದು ಫೋಟೊ ತೆಗೆದುಕೊಂಡು ಮುಂದಕ್ಕೆ ಸಾಗುತ್ತಿದ್ದರು.