ಊರಿನ ಹಣ, ಸೇವಾ ಸಂಸ್ಥೆಯ ಕೈ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಸಾಂಕ್ರಾಮಿಕ ರೋಗ ಬಂದಾಗ ನಗರಸಭೆಯೋ ಪಂಚಾಯಿತಿಯೋ ತನ್ನ ಬೊಕ್ಕಸದ ಹಣವನ್ನು ಒಂದು ಸೇವಾ ಸಂಸ್ಥೆಯ ಕೈಗೆ ಕೊಟ್ಟು, ‘ಹಸಿದವರಿಗೆ ಅನ್ನ ಮುಟ್ಟಿಸಿ’ ಎಂದು ಹೇಳುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಇಂದು ನನ್ನ ಮುಂದೆ ಇಟ್ಟಿದ್ದೀರಿ. ಕೊರೋನಾ ಹೋಗಿ ವರ್ಷಗಳಾದವು, ಈಗೇಕೆ ಈ ಮಾತು ಎಂದು ಕೆಲವರು ಕೇಳಬಹುದು. ಬೆಂಕಿ ಬಿದ್ದಾಗ ಬಾವಿ ತೋಡುವುದು ನಮ್ಮ ಆಡಳಿತದ ಹಳೆಯ ರೋಗ. ಬೆಂಕಿ ಇಲ್ಲದಿರುವಾಗಲೇ ಬಾವಿಯ ಮಾತನ್ನು ಆಡಬೇಕು.

2020ರ ಮಾರ್ಚಿ ತಿಂಗಳನ್ನು ನೆನೆಯಿರಿ. 24ನೆಯ ತಾರೀಖು ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಮಾತನಾಡಿದರು. ಹನ್ನೆರಡು ಗಂಟೆಗೆ ದೇಶವೇ ಬಂದಾಯಿತು. 29ರಂದು ಕೇಂದ್ರ ಗೃಹ ಮಂತ್ರಾಲಯ, ಕೆಲಸ ನಿಂತ ದಿನಗಳಿಗೂ ಮಾಲೀಕರು ಪೂರ್ತಿ ಕೂಲಿ ಕೊಡಬೇಕೆಂದು ಆಜ್ಞೆ ಹೊರಡಿಸಿತು. ಆ ಆಜ್ಞೆ ಎರಡು ತಿಂಗಳೂ ಬಾಳಲಿಲ್ಲ. ಮೇ 18ರಿಂದ ಅದು ರದ್ದಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಮಾಲೀಕರೂ ಕಾರ್ಮಿಕರೂ ಕುಳಿತು ಮಾತನಾಡಿ ತೀರ್ಮಾನ ಮಾಡಿಕೊಳ್ಳಲಿ ಎಂದಿತು. ಎರಡು ತಿಂಗಳಿಂದ ಒಲೆ ಹೊತ್ತಿಸದವನು ಮಾಲೀಕನ ಎದುರು ಕುಳಿತು ಏನು ಮಾತನಾಡಿಯಾನು? ಹಕ್ಕಾಗಿ ಬರಬೇಕಾದ ಕೂಲಿ ಹೀಗೆ ತಪ್ಪಿಹೋಯಿತು. ಅದರ ಜಾಗಕ್ಕೆ ಅಕ್ಕಿ ಬೇಳೆಯ ಕಿಟ್ಟು ಬಂತು. ನಮ್ಮ ಇಂದಿನ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ದುಡ್ಡನ್ನೇ ನೇರವಾಗಿ ಕೊಟ್ಟರಾಗದೆ, ನಡುವೆ ಸಂಸ್ಥೆ ಏಕೆ ಎಂದು ನೀವು ಕೇಳಬಹುದು. ಕೊಡುವುದು ಸಾಧ್ಯವಾದಲ್ಲಿ ದುಡ್ಡನ್ನೇ ಕೊಡಬೇಕು. 2020ರ ಮೇ 6ರಂದು ಕರ್ನಾಟಕ ಸರ್ಕಾರ 1,610 ಕೋಟಿ ರೂಪಾಯಿನ ಪರಿಹಾರ ಸಾರಿತು. 2,30,000 ಕ್ಷೌರಿಕರಿಗೂ, 60,000 ಮಡಿವಾಳರಿಗೂ, 7,75,000 ಆಟೋ ಟ್ಯಾಕ್ಸಿ ಚಾಲಕರಿಗೂ ತಲಾ 5,000 ರೂಪಾಯಿ ಎಂದಿತು. ಆದರೆ ದುಡ್ಡು ಹೋಗುವುದು ಪಟ್ಟಿಯಲ್ಲಿರುವವನ ಹತ್ತಿರಕ್ಕೆ. ಪರ ಊರಿನಿಂದ ಬಂದ ಹಮಾಲನಿಗೆ, ಕಾರ್ಡಿಲ್ಲದ ವಿಧವೆಗೆ, ಬಸ್‌ಸ್ಟ್ಯಾಂಡಿನಲ್ಲಿ ಮಲಗುವ ಮುದುಕನಿಗೆ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಅವರಿಗೆ ಬೇಕಾದದ್ದು ಈ ಹೊತ್ತಿನ ಊಟ. ನಗರಸಭೆಗೆ ಅಡುಗೆಯವರಿಲ್ಲ, ಸೌಟಿಲ್ಲ. ಆದುದರಿಂದ ಅದು ಸಂಸ್ಥೆಯ ಕೈ ಹಿಡಿಯುತ್ತದೆ.

ಸಂಸ್ಥೆಗಳು ಬೇಡವೇ ಬೇಡ ಎನ್ನುವವನು ನಾನಲ್ಲ. 1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಮುಂಬಯಿಯಲ್ಲಿ ಅಕ್ಟೋಬರ್ 6ರ ಒಂದೇ ದಿನ 768 ಜನ ಸತ್ತರು. ಆಗ ಮದ್ದು, ಹಾಲು ಹಿಡಿದು ಚಾಳುಗಳಿಗೆ ಹೋದವರಲ್ಲಿ ಸ್ವಯಂಸೇವಕರ ಪಾಲು ದೊಡ್ಡದು. ಆದರೆ ದಾನ ಹರಿಯುವುದು ದಾನಿಗಳಿರುವ ಕಡೆಗೆ. ಸಿರಿವಂತ ಸಮಾಜಗಳಿಗೆ ತಮ್ಮದೇ ಆಸ್ಪತ್ರೆ, ತಮ್ಮದೇ ಸ್ವಯಂಸೇವಕರು ಇದ್ದರು. ಆ ವರ್ಷ ಆ ಜ್ವರದಿಂದ ಅಲ್ಲಿ ಸಾವಿರ ಯೂರೋಪಿಯನ್ನರಲ್ಲಿ 8 ಮಂದಿ, ಸಾವಿರ ಪಾರ್ಸಿಗಳಲ್ಲಿ 9 ಮಂದಿ ಸತ್ತರೆ, ಕೆಳಜಾತಿಗಳೆನಿಸಿದ ಹಿಂದೂಗಳಲ್ಲಿ ಸಾವಿರಕ್ಕೆ 61 ಮಂದಿ ಸತ್ತರು. ಇಕ್ಕಟ್ಟಿನ ಕೋಣೆ, ಹಸಿವು ಇದಕ್ಕೆ ಮೊದಲ ಕಾರಣ. ತಮಗೆಂದು ನಿಲ್ಲುವ ಸಿರಿವಂತರಿಲ್ಲದಿದ್ದುದೂ ಒಂದು ಕಾರಣವೇ. ದಿಕ್ಕಿಲ್ಲದವನ ಬಾಗಿಲಿಗೆ ಹೋಗಬೇಕಾದ ಹೊಣೆ ಇರುವುದು ಸಾರ್ವಜನಿಕರ ಹಣಕ್ಕೆ ಮಾತ್ರ. ಆ ಹಣ ಸಂಸ್ಥೆಯ ಕೈಗೆ ಹೋದಾಗ ಹೊಣೆಯೂ ಅದರ ಹಿಂದೆಯೇ ಹೋಗುತ್ತದೆಯೇ, ಅಥವಾ ದಾರಿಯಲ್ಲಿ ಬಿದ್ದುಹೋಗುತ್ತದೆಯೇ ಎಂಬುದನ್ನು ನೋಡಬೇಕು.

ಎರಡು ಉದಾಹರಣೆಗಳನ್ನು ಹೇಳುತ್ತೇನೆ. ಮೊದಲನೆಯದು ನೆರೆಯ ಕೇರಳದ್ದು.

ಕೇರಳದಲ್ಲಿ ಕುಟುಂಬಶ್ರೀ ಎಂಬ ಹೆಂಗಸರ ಸಂಘಟನೆ ಇದೆ. 1998ರಲ್ಲಿ ಆರಂಭವಾದ ಇದಕ್ಕೆ ಇಂದು 40 ಲಕ್ಷಕ್ಕೂ ಮೇಲ್ಪಟ್ಟು ಸದಸ್ಯರಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಇದು 1955ರ ತಿರುವಾಂಕೂರು-ಕೊಚ್ಚಿ ಸಾಹಿತ್ಯ, ವಿಜ್ಞಾನ ಮತ್ತು ಧರ್ಮಾರ್ಥ ಸಂಘಗಳ ಕಾಯಿದೆಯ ಕೆಳಗೆ ನೋಂದಣಿಯಾದ ಒಂದು ಸಂಘ. ಹತ್ತಿಪ್ಪತ್ತು ಮನೆಗಳ ಹೆಂಗಸರದು ಒಂದು ನೆರೆಕೂಟ. ಅದರ ಮೇಲೆ ವಾರ್ಡಿನ ಕೂಟ. ಅದರ ಮೇಲೆ ಪಂಚಾಯಿತಿಯ ಕೂಟ. 2020ರ ಮಾರ್ಚಿ ಕೊನೆಯ ವಾರದಲ್ಲಿ ಅಲ್ಲಿನ ಸರ್ಕಾರ, ಪ್ರತಿ ಪಂಚಾಯಿತಿಯೂ ನಗರಸಭೆಯೂ ಸಾಮೂಹಿಕ ಅಡುಗೆಮನೆ ತೆರೆಯಬೇಕೆಂದಿತು. ಸ್ಥಳೀಯ ಸಂಸ್ಥೆಗಳು ಹಣವನ್ನೂ ಜಾಗವನ್ನೂ ಒದಗಿಸಿದವು. ಬಹುಪಾಲು ಕಡೆ ಅಡುಗೆ ಮಾಡಿದವರು ಕುಟುಂಬಶ್ರೀಯ ಹೆಂಗಸರು. ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಅಡುಗೆಮನೆಗಳ ಒಲೆ ಉರಿಯಿತು. ಗತಿಯಿಲ್ಲದವರಿಗೆ ಊಟ ಧರ್ಮಾರ್ಥ. ಉಳಿದವರಿಗೆ 20 ರೂಪಾಯಿ, ಮನೆಗೆ ತಂದುಕೊಟ್ಟರೆ ಇನ್ನೂ 5 ರೂಪಾಯಿ.

ಇದು ಒಂದು ವಾರದಲ್ಲಿ ಹೇಗೆ ಸಾಧ್ಯವಾಯಿತು? ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಪಕ್ಕದ ಮನೆಯವಳಿಗೆ ಗೊತ್ತಿತ್ತು. ಅವಳೇ ನೆರೆಕೂಟದ ಸದಸ್ಯೆ. ಇನ್ನೊಂದು ಕಾರಣ, ಪಂಚಾಯಿತಿಯ ಕೈಯಲ್ಲಿ ಹಣವಿತ್ತು. 1996ರ ಜನತಾ ಯೋಜನೆಯ ಆಂದೋಲನದಲ್ಲಿ ಕೇರಳ, ರಾಜ್ಯದ ಯೋಜನಾ ಹಣದ ಮೂರರಲ್ಲೊಂದಕ್ಕೂ ಹೆಚ್ಚು ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ತೀರ್ಮಾನಿಸಿತ್ತು. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಡಾಕ್ಟರ್ ಲೋಹಿಯಾ ಹೇಳುತ್ತಿದ್ದುದು ಇದನ್ನೇ. ಕೆಳಗಿನ ಕಂಬ ಟೊಳ್ಳಾಗಿದ್ದರೆ ಕಷ್ಟಕಾಲದಲ್ಲಿ ಅದು ಭಾರ ಹೊರಲಾರದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಮುಂದಿನ ಕಥೆಯನ್ನೂ ಕೇಳಿ. ಅದೇ ಹೆಂಗಸರು 20 ರೂಪಾಯಿಗೆ ಊಟ ಕೊಡುವ ಜನಕೀಯ ಹೋಟೆಲುಗಳನ್ನು ನಡೆಸಿದರು. ಅವು ಸಾವಿರವನ್ನು ದಾಟಿದವು. ಕಟ್ಟಡ, ನೀರು, ದೀಪ ಸ್ಥಳೀಯ ಸಂಸ್ಥೆಯದು. ಊಟವೊಂದಕ್ಕೆ 10 ರೂಪಾಯಿ ಸಹಾಯಧನ ರಾಜ್ಯ ಸರ್ಕಾರದ್ದು. ಆ ಸಹಾಯಧನ ತಿಂಗಳುಗಟ್ಟಲೆ ಬಾಕಿ ಬಿತ್ತು. ಹೆಂಗಸರು ದಿನಸಿ ಅಂಗಡಿಯಲ್ಲಿ ಸಾಲ ಮಾಡಿದರು. 2023ರ ಆಗಸ್ಟಿನಲ್ಲಿ ಸರ್ಕಾರ ಸಹಾಯಧನವನ್ನೇ ನಿಲ್ಲಿಸಿತು. ಊಟದ ಬೆಲೆ 30ಕ್ಕೆ ಏರಿತು, ಎಷ್ಟೋ ಹೋಟೆಲುಗಳು ಮುಚ್ಚಿದವು. ಆ ವರ್ಷದ ಕೊನೆಗೆ ಬಾಕಿ ಕೇಳಲು ಆ ಹೆಂಗಸರೇ ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಕುಳಿತುಕೊಳ್ಳಬೇಕಾಯಿತು. ಎಡಪಕ್ಷದ ಸರ್ಕಾರವೆಂದು ನಾವು ಇದನ್ನು ಮುಚ್ಚಿಡಬೇಕಾಗಿಲ್ಲ. ಸೇವೆಯೆಂಬ ಹೆಸರಿಟ್ಟು ದುಡಿಸಿ, ದುಡಿಮೆಯ ಹಣವನ್ನು ಬಾಕಿ ನಿಲ್ಲಿಸುವುದು ಯಾರು ಮಾಡಿದರೂ ಶೋಷಣೆಯೇ. ಇಲ್ಲಿರುವ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರ ಸಂಸ್ಥೆಗೆ ಬಾಕಿ ನಿಲ್ಲಿಸಿದರೆ, ಸಂಸ್ಥೆ ಬಾಕಿ ನಿಲ್ಲಿಸುವುದು ನಿಮ್ಮ ಅಂಗಡಿಯ ಉದ್ರಿ ಪುಸ್ತಕದಲ್ಲಿ.

ಎರಡನೆಯ ಉದಾಹರಣೆ ಅಮೆರಿಕದ್ದು. ಅಲ್ಲಿ ಹಣ ಬಾಕಿಯಾಗಲಿಲ್ಲ, ಕೇಳಿದಷ್ಟೂ ಹೊರಟುಹೋಯಿತು. ಮಿನ್ನೆಸೋಟ ಎಂಬ ಸಂಸ್ಥಾನದಲ್ಲಿ ‘ಫೀಡಿಂಗ್ ಅವರ್ ಫ್ಯೂಚರ್’ ಎಂಬ ಸೇವಾ ಸಂಸ್ಥೆ ಇತ್ತು. ಬಡ ಮಕ್ಕಳ ಊಟಕ್ಕೆಂದು ಕೇಂದ್ರ ಸರ್ಕಾರ ಕೊಡುವ ಹಣ ಸಂಸ್ಥಾನದ ಶಿಕ್ಷಣ ಇಲಾಖೆಯ ಮೂಲಕ ಇದಕ್ಕೆ ಬರುತ್ತಿತ್ತು. 2019ರಲ್ಲಿ ಬಂದದ್ದು ಸುಮಾರು 34 ಲಕ್ಷ ಡಾಲರ್. 2021ರಲ್ಲಿ ಹೆಚ್ಚುಕಡಮೆ 20 ಕೋಟಿ ಡಾಲರ್. ರೋಗದ ಕಾಲವೆಂದು ನಿಯಮಗಳನ್ನು ಸಡಿಲಿಸಿದ್ದರು. ಮಕ್ಕಳು ಒಂದು ಕಡೆ ಕುಳಿತು ಉಣ್ಣಬೇಕಾಗಿರಲಿಲ್ಲ. ಇಷ್ಟು ಸಾವಿರ ಊಟ ಕೊಟ್ಟೆವು ಎಂದು ಕಾಗದದಲ್ಲಿ ಬರೆದರೆ ಹಣ ಬರುತ್ತಿತ್ತು. ಇಲ್ಲದ ಮಕ್ಕಳ ಹೆಸರುಗಳ ಪಟ್ಟಿಗಳು ತಯಾರಾದವು. ಊಟದ ಹಣ ಮನೆ, ಮೋಟಾರುಗಳಾಯಿತು. ಅಧಿಕಾರಿಗಳು ಸಂಶಯಪಟ್ಟಾಗ ಸಂಸ್ಥೆಯೇ ಅವರ ಮೇಲೆ ದಾವಾ ಹೂಡಿತು. 2022ರ ಸೆಪ್ಟೆಂಬರಿನಲ್ಲಿ 47 ಜನರ ಮೇಲೆ ಆಪಾದನೆ ಹೊರಿಸಿದರು. ಲೂಟಿಯ ಅಂದಾಜು 25 ಕೋಟಿ ಡಾಲರ್. 2025ರ ಮಾರ್ಚಿಯಲ್ಲಿ ಸಂಸ್ಥೆಯನ್ನು ಸ್ಥಾಪಿಸಿದವರೇ ಅಪರಾಧಿಯೆಂದು ಜೂರಿ ತೀರ್ಮಾನ ಕೊಟ್ಟಿತು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡು ಕಡೆಯೂ ಸರ್ಕಾರದ ಹಣ, ಎರಡು ಕಡೆಯೂ ಸಂಸ್ಥೆಯ ಕೈ. ಒಂದು ಕಡೆ ಉಣ್ಣುವವನೂ ಬಡಿಸುವವನೂ ಒಂದೇ ಬೀದಿಯವರು. ಸುಳ್ಳು ಲೆಕ್ಕ ಬರೆದರೆ ಮರುದಿನವೇ ಊರಿಗೆ ತಿಳಿಯುತ್ತದೆ. ಇನ್ನೊಂದು ಕಡೆ ಹಣ ಕೊಡುವವನು ಊಟದ ಜಾಗವನ್ನು ನೋಡಲಿಲ್ಲ, ಕಾಗದವನ್ನು ಮಾತ್ರ ನೋಡಿದ. ಆದುದರಿಂದ ನಾನು ಹೇಳುವುದಿಷ್ಟೆ: ನಗರಸಭೆ ಕೆಲಸವನ್ನು ಸಂಸ್ಥೆಗೆ ವಹಿಸಬಹುದು, ಹೊಣೆಯನ್ನು ವಹಿಸಕೂಡದು.

ಹಾಗಾದರೆ ನಾವು ನಮ್ಮ ನಗರಸಭೆಯನ್ನು ಏನು ಕೇಳಬೇಕು?

ಮೊದಲನೆಯದಾಗಿ, ಯಾವ ಸಂಸ್ಥೆ, ಎಷ್ಟು ಹಣ, ಎಷ್ಟು ಊಟ, ಊಟವೊಂದಕ್ಕೆ ಏನು ದರ ಎಂಬುದು ಸಭೆಯ ಠರಾವಿನಲ್ಲಿ ಇರಬೇಕು. ವಾರವಾರದ ಲೆಕ್ಕ ವಾರ್ಡಿನ ಫಲಕದ ಮೇಲೆ ಕನ್ನಡದಲ್ಲಿ ಬರಬೇಕು. ಸಂಸ್ಥೆಯವರು ‘ನಮ್ಮದು ಖಾಸಗಿ ಟ್ರಸ್ಟು, ಲೆಕ್ಕ ಕೇಳಬೇಡಿ’ ಎಂದರೆ ಒಪ್ಪಬೇಡಿ. ಸರ್ಕಾರದ ಹಣದ ಗಣನೀಯ ನೆರವು ಪಡೆಯುವ ಸಂಸ್ಥೆ 2005ರ ಮಾಹಿತಿ ಹಕ್ಕು ಕಾಯಿದೆಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರಿನಲ್ಲಿ ಹೇಳಿದೆ. ಆ ನೆರವು ಅರ್ಧಕ್ಕಿಂತ ಹೆಚ್ಚೇ ಇರಬೇಕೆಂದಿಲ್ಲ ಎಂದೂ ಹೇಳಿದೆ. ದೊಡ್ಡವರ ಮೇಲ್ಪಂಕ್ತಿ ಬೇರೆ ರೀತಿಯದು ಎಂಬುದು ನಿಜ. 2020ರ ಮಾರ್ಚಿಯಲ್ಲಿ ಹುಟ್ಟಿದ ಪಿ. ಎಂ. ಕೇರ್ಸ್ ಧರ್ಮಾರ್ಥ ಟ್ರಸ್ಟಿನ ಅಧ್ಯಕ್ಷರು ಪ್ರಧಾನಮಂತ್ರಿಗಳೇ; ಆದರೂ ಅದು ಮಾಹಿತಿ ಹಕ್ಕಿನ ಕೆಳಗೆ ಬರುವುದಿಲ್ಲವೆಂದು ಪ್ರಧಾನಮಂತ್ರಿಗಳ ಕಚೇರಿ ದೆಹಲಿ ಹೈಕೋರ್ಟಿನಲ್ಲಿ ವಾದಿಸಿತು. ದೆಹಲಿಯಲ್ಲಿ ಮುಚ್ಚಿದ ಪುಸ್ತಕವನ್ನು ನಮ್ಮ ಊರಿನಲ್ಲಾದರೂ ತೆರೆಯಿಸೋಣ.

ಎರಡನೆಯದಾಗಿ, ನೋಡುವ ಕಣ್ಣು ಬೇಕು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕೆಂದು 1992ರ ಸಂವಿಧಾನದ 74ನೆಯ ತಿದ್ದುಪಡಿ ಹೇಳುತ್ತದೆ. ಸಣ್ಣ ಊರುಗಳಿಗೆ ಕಡ್ಡಾಯವಿಲ್ಲದಿದ್ದರೆ ನಾವೇ ಒತ್ತಾಯ ಮಾಡಬೇಕು. ಪರಿಹಾರದ ಮೇಲ್ವಿಚಾರಣೆಗೆ ಕೂರುವವರಲ್ಲಿ ಕಾರ್ಮಿಕ ಸಂಘದವನೊಬ್ಬ, ಪೇಟೆಯವನೊಬ್ಬ, ಆ ಕೇರಿಯ ಹೆಂಗಸೊಬ್ಬಳು ಇರಲಿ.

ಮೂರನೆಯದಾಗಿ, ಸಾಮಾನನ್ನು ಆದಷ್ಟು ನಮ್ಮ ಪೇಟೆಯಲ್ಲೇ ಕೊಳ್ಳಲಿ, ಗೊತ್ತಾದ ದಿನದೊಳಗೆ ಬಿಲ್ಲು ತೀರಿಸಲಿ. ಊರಿನ ಅಂಗಡಿಗಳ ಬಾಗಿಲು ಹಾಕಿಸಿ, ದೂರದ ಗುತ್ತಿಗೆದಾರನಿಂದ ಕಿಟ್ಟು ತರಿಸಿದರೆ, ಒಬ್ಬನ ಹಸಿವು ತೀರಿಸಲು ಇನ್ನೊಬ್ಬನನ್ನು ಹಸಿವಿಗೆ ನೂಕಿದ ಹಾಗಾಗುತ್ತದೆ. ಬಡಿಸಿದ ಹೆಂಗಸರಿಗೂ ಕೂಲಿ ಸಲ್ಲಲಿ.

ಕೊನೆಯದಾಗಿ, ಚೀಲದ ಮೇಲೆ ಯಾರ ಚಿತ್ರವೂ ಬೇಡ. ಶಾಸಕರದೂ ಬೇಡ, ಸಂಸ್ಥೆಯ ಅಧ್ಯಕ್ಷರದೂ ಬೇಡ, ಕೈ ಒಡ್ಡಿ ನಿಂತ ಬಡವನದಂತೂ ಬೇಡವೇ ಬೇಡ. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎನ್ನುತ್ತಾರೆ. ಆ ದುಡ್ಡು ಯಾರದು? ನೀವು ಕಟ್ಟಿದ ಮನೆಗಂದಾಯ, ಅಂಗಡಿಯ ಲೈಸೆನ್ಸಿನ ಹಣ, ಬೆಂಕಿಪೊಟ್ಟಣದಿಂದ ಬಟ್ಟೆಯವರೆಗೆ ಕೊಂಡಾಗಲೆಲ್ಲ ತೆತ್ತ ತೆರಿಗೆ. ನಮ್ಮ ನಾಡಿನ ಶರಣರು ದಾಸೋಹ ಎಂಬ ಮಾತನ್ನು ಕೊಟ್ಟರು. ಅದರಲ್ಲಿ ಕೊಡುವವನೇ ದಾಸ. ತೆಗೆದುಕೊಳ್ಳುವವನನ್ನು ತಲೆತಗ್ಗಿಸುವಂತೆ ಮಾಡುವುದು ದಾಸೋಹವಲ್ಲ.

ಇನ್ನೊಂದು ರೋಗ ಯಾವಾಗ ಬರುತ್ತದೋ ಹೇಳಲು ಬಾರದು. ಬಂದ ದಿನ ನಗರಸಭೆ ಅವಸರದಲ್ಲಿ ಯಾವುದೋ ಕಾಗದಕ್ಕೆ ರುಜು ಹಾಕುತ್ತದೆ. ಆಗ ‘ಪ್ರಾಣ ಹೋಗುತ್ತಿದೆ, ಲೆಕ್ಕ ಕೇಳುತ್ತೀರಾ’ ಎಂದು ನಮ್ಮ ಬಾಯಿ ಮುಚ್ಚಿಸುತ್ತಾರೆ. ಈ ನಾಲ್ಕು ಷರತ್ತುಗಳನ್ನು ಈಗಲೇ ಠರಾವಾಗಿ ಮಾಡಿಸಿಟ್ಟರೆ ಆ ಮಾತಿಗೆ ಎಡೆಯಿರುವುದಿಲ್ಲ. ಮುಂದಿನ ಸಾಮಾನ್ಯ ಸಭೆಗೆ ನಮ್ಮ ಮನವಿ ಹೋಗಬೇಕು. ಗಿರಣಿಯ ಬಾಗಿಲಿನಲ್ಲೂ ಪೇಟೆಯ ಬೀದಿಯಲ್ಲೂ ಅದಕ್ಕೆ ಸಹಿ ಕೂಡಿಸುವ ಕೆಲಸವನ್ನು ನಾಳೆಯಿಂದಲೇ ನೀವು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.