ಮಾತು ಬರೆದಿಟ್ಟಿಲ್ಲ, ರಂಗ ಹತ್ತಿ

ಖಾಲಿ ರಂಗ, ಎರಡು ಕುರ್ಚಿ. ಸ್ಕ್ರಿಪ್ಟ್ ಇಲ್ಲ. ಪ್ರೇಕ್ಷಕರಲ್ಲಿ ಯಾರೋ ಒಂದು ಪದ ಕೂಗುತ್ತಾರೆ: 'ಕೊಡೆ!' ಮುಂದಿನ ಅರ್ಧ ಗಂಟೆಯ ನಾಟಕ ಆ ಒಂದೇ ಪದದಿಂದ ಹುಟ್ಟಬೇಕು, ಜನ ನಗಬೇಕು. ಎದೆ ಢವಗುಟ್ಟುತ್ತದಲ್ಲವೇ? ಅಲ್ಲಿಗೇ ನಿಮ್ಮನ್ನು ಕರೆಯುತ್ತಿದ್ದೇನೆ.

ಇಂಪ್ರೊವ್ ಎಂಬ ಈ ಆಶು ನಾಟಕ ಬೇರುಬಿಟ್ಟದ್ದು ಅಮೆರಿಕದ ಶಿಕಾಗೊದಲ್ಲಿ. ವಲಸೆ ಬಂದವರ ಮಕ್ಕಳದು ಮನೆಗೊಂದು ಭಾಷೆ. ಅವರನ್ನು ಬೆಸೆಯಲು ವಯೋಲಾ ಸ್ಪೋಲಿನ್ ಎಂಬಾಕೆ ರಂಗದಾಟಗಳನ್ನು ಕಟ್ಟಿದರು. ಆಕೆಯ ಮಗ ಪಾಲ್ ಸಿಲ್ಸ್ ಗೆಳೆಯರೊಡನೆ 1959ರಲ್ಲಿ 'ಸೆಕೆಂಡ್ ಸಿಟಿ' ಎಂಬ ಹಾಸ್ಯರಂಗ ತೆರೆದರು. ಅಲ್ಲಿ ಆಶು ಅಭಿನಯವೆಂದರೆ ಪ್ರಹಸನ ಕಟ್ಟಲು ಬೇಕಾದ ಹಿಟ್ಟು. ಹಿಟ್ಟಲ್ಲ, ಇದೇ ರೊಟ್ಟಿ ಎಂದು ಹಟ ಹಿಡಿದವರು ಡೆಲ್ ಕ್ಲೋಸ್ ಎಂಬ ನಟ. 1967ರಲ್ಲಿ ಅವರಿದ್ದ ಸ್ಯಾನ್ ಫ್ರಾನ್ಸಿಸ್ಕೊದ 'ದಿ ಕಮಿಟಿ' ತಂಡದಲ್ಲಿ ರೂಪುಗೊಂಡ ದೀರ್ಘ ಆಟಕ್ಕೆ 'ಹೆರಾಲ್ಡ್' ಎಂದು ಹೆಸರಾಯಿತು. (ಅರ್ಥ ಹುಡುಕಬೇಡಿ, ತಂಡದವರೊಬ್ಬರ ಬಾಯಿಗೆ ಬಂದ ತಮಾಷೆ. ಹೆಸರೂ ಆಶುವೇ!) ಮುಂದೆ ಚಾರ್ನಾ ಹಾಲ್ಪರ್ನ್ ಜೊತೆ ಶಿಕಾಗೊದಲ್ಲಿ ಕ್ಲೋಸ್ ಅದನ್ನೇ ಕಲಿಸಿದರು: ಸಂಬಂಧವಿಲ್ಲದ ಮೂರು ದೃಶ್ಯಗಳು ಮತ್ತೆ ಮತ್ತೆ ಮರಳಿ, ಕೊನೆಗೆ ಒಂದಕ್ಕೊಂದು ಹೆಣೆದುಕೊಳ್ಳಬೇಕು.

ಹೇಗೆ ಅಂತೀರಾ? ಒಬ್ಬ ಇಲ್ಲದ ಕೊಡೆಯನ್ನು ಮಗುವಿನಂತೆ ಎತ್ತಿಕೊಂಡು ಬರುತ್ತಾನೆ: "ಡಾಕ್ಟ್ರೇ, ಮೂರು ದಿನದಿಂದ ಊಟ ಬಿಟ್ಟಿದೆ." ಎದುರಿನವಳು "ಕೊಡೆ ಎಲ್ಲಾದರೂ ಊಟ ಮಾಡುತ್ತೇನ್ರೀ?" ಎಂದರೆ ಒಂದು ನಗು ಸಿಕ್ಕೀತು, ದೃಶ್ಯ ಸತ್ತಿತು. ಅವಳು ಕನ್ನಡಕ ಸರಿಮಾಡಿಕೊಂಡು, "ಕೊನೆಯ ಸಲ ನೆನೆದದ್ದು ಯಾವಾಗ?" ಎಂದಳೋ, ನಾಟಕ ಉಸಿರಾಡಿತು. ಇಪ್ಪತ್ತು ನಿಮಿಷದ ಮೇಲೆ ಯಾರದೋ ಮದುವೆಯ ದೃಶ್ಯಕ್ಕೆ ಅದೇ ಕೊಡೆ, ಈಗ ಮೈಕೈ ತುಂಬಿಕೊಂಡು ಬಂದರೆ, ಸಭಾಂಗಣ ಬಿದ್ದು ಬಿದ್ದು ನಗುತ್ತದೆ.

ಇದಕ್ಕೆ ಬೇಕಾದದ್ದು ಚುರುಕು ನಾಲಿಗೆಯಲ್ಲ, ಕಿವಿ. ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಗೊತ್ತು: ಭಾಗವತರ ಪದ್ಯವಿದೆ, ಅರ್ಥಧಾರಿಯ ಮಾತು ಬರೆದಿಟ್ಟಿಲ್ಲ, ಎದುರಿನವರ ಮಾತು ಕಿವಿಗೆ ಬಿದ್ದ ಮೇಲೇ ತನ್ನದು ಹುಟ್ಟಬೇಕು. ಉತ್ತರ ಮೊದಲೇ ಉರು ಹೊಡೆದು ಬರುವ ಪರೀಕ್ಷೆಗಳಲ್ಲಿ ಬೆಳೆದ ನಮಗೆ ಇದು ಕಷ್ಟವೇ. ಕಷ್ಟವೆಂದೇ ಹೇಳುತ್ತಿದ್ದೇನೆ.

ಇಂದು ಸಂಜೆ ಆರು ಜನ ಸೇರಿ. ಮನೆಯ ತಾರಸಿಯೋ ಹಾಸ್ಟೆಲ್ ವರಾಂಡವೋ, ಸಾಕು. ದಾರಿಯಲ್ಲಿ ಹೋಗುವವರಿಂದ ಒಂದು ಪದ ಕೇಳಿ ಪಡೆಯಿರಿ. ಮೊದಲ ಹತ್ತು ದೃಶ್ಯ ಖಂಡಿತ ಕೆಡುತ್ತವೆ. ಹನ್ನೊಂದನೆಯದು ಮುಗಿಯುವ ತನಕ ಯಾರನ್ನೂ ಮನೆಗೆ ಬಿಡಬೇಡಿ.